ಕೊಡಗಿನಲ್ಲಿ ಕುಳಿತು ಅಂತರರಾಷ್ಟ್ರೀಯ ವ್ಯವಹಾರಗಳ ಶಾಲೆಯ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳುವ ಬಗೆ

ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರ ಪಾಠ ಹೇಳುವ ನನ್ನನ್ನು ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಬಂದು ಕೇಳುವ ಪ್ರಶ್ನೆಯೊಂದಿದೆ: ವಾಷಿಂಗ್ಟನ್ನಿನಲ್ಲೋ ಜಿನೀವಾದಲ್ಲೋ ಇರುವ ಅಂತರರಾಷ್ಟ್ರೀಯ ವ್ಯವಹಾರಗಳ ಶಾಲೆಯಲ್ಲಿ ಮುಂದಿನ ವಾರ ಒಂದು ಉಪನ್ಯಾಸವಿದೆಯಂತೆ ಸರ್, ಅಲ್ಲಿ ಓದದ ನಾವೂ ಅದನ್ನು ಕೇಳಬಹುದೇ? ಕೇಳಬಹುದು. ಪ್ರಕಟಣೆಯಲ್ಲಿ ‘ಸಾರ್ವಜನಿಕರಿಗೆ ಮುಕ್ತ’ ಎಂದು ಬರೆದಿದ್ದರೆ, ಸಮಯಕ್ಕೆ ಸರಿಯಾಗಿ ಹೆಸರು ನೋಂದಾಯಿಸುವುದನ್ನು ಬಿಟ್ಟು ಬೇರೆ ಯಾವ ಅರ್ಹತೆಯೂ ಬೇಕಿಲ್ಲ. ಆದರೆ ಒಂದು ಗಂಟೆ ಕಿವಿಗೊಟ್ಟು ಕೂರುವುದು ಬೇರೆ, ಅಲ್ಲಿಂದ ಏನನ್ನಾದರೂ ಮನೆಗೆ ತರುವುದು ಬೇರೆ. ಎರಡನೆಯದಕ್ಕೆ ಸ್ವಲ್ಪ ಸಿದ್ಧತೆ ಬೇಕು. ಆ ಸಿದ್ಧತೆಯನ್ನು ನಮ್ಮ ಊರಿನ ಮಳೆ, ಕರೆಂಟು, ತೋಟದ ಕೆಲಸಗಳ ನಡುವೆ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಈ ಶಾಲೆಗಳೆಂದರೆ ಏನು ಎಂಬುದು ತಿಳಿದಿರಬೇಕು. ಇವು ಪದವಿ ಮುಗಿಸಿದವರಿಗೆ ರಾಜತಾಂತ್ರಿಕತೆ, ಅಂತರರಾಷ್ಟ್ರೀಯ ಕಾನೂನು, ವ್ಯಾಪಾರ, ಭದ್ರತೆ, ಅಭಿವೃದ್ಧಿ ಮುಂತಾದ ವಿಷಯಗಳನ್ನು ಕಲಿಸುವ ಸ್ನಾತಕೋತ್ತರ ಸಂಸ್ಥೆಗಳು. ಜಿನೀವಾದ ಸಂಸ್ಥೆ 1927ರಲ್ಲಿ, ವಿಶ್ವಸಂಸ್ಥೆಗೂ ಮೊದಲು ಇದ್ದ ರಾಷ್ಟ್ರಸಂಘದ ಕಾಲದಲ್ಲಿ ಹುಟ್ಟಿತು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಫ್ಲೆಚರ್ ಶಾಲೆ 1933ರಲ್ಲಿ, ವಾಷಿಂಗ್ಟನ್ನಿನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶಾಲೆ 1943ರಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಶಾಲೆ 1946ರಲ್ಲಿ ಆರಂಭವಾದವು. ನಮ್ಮ ದೇಶದಲ್ಲಿ 1955ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಮುಂದೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ಇಂತಹ ಶಾಲೆಗಳಿಗೆ ಮಂತ್ರಿಗಳು, ರಾಯಭಾರಿಗಳು, ಕೇಂದ್ರೀಯ ಬ್ಯಾಂಕುಗಳ ಗವರ್ನರ್‌ಗಳು, ವಿಶ್ವಸಂಸ್ಥೆಯ ಅಧಿಕಾರಿಗಳು ಬಂದು ಮಾತನಾಡುತ್ತಾರೆ, ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಉದಾಹರಣೆಗೆ, 2019ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕೊಲಂಬಿಯಾದ ಶಾಲೆಯಲ್ಲಿ ಮಾತನಾಡಿದಾಗ ಅವರ ಮಾತುಗಳು ನಮ್ಮ ಪತ್ರಿಕೆಗಳಲ್ಲಿ ಹಲವು ದಿನ ಚರ್ಚೆಯಾದವು. ಪತ್ರಿಕೆಯಲ್ಲಿ ಬರುವುದು ಆ ಒಂದು ಗಂಟೆಯ ಎರಡು ವಾಕ್ಯಗಳು ಮಾತ್ರ. ಉಳಿದ ಐವತ್ತೆಂಟು ನಿಮಿಷಗಳಲ್ಲಿ ಏನಿತ್ತು ಎಂಬುದನ್ನು ತಿಳಿಯಬೇಕಾದರೆ ನಾವೇ ಕೇಳಬೇಕು.

ಇದು ದೂರದವರ ವಿಷಯ, ನಮಗೇಕೆ ಎಂದು ಕೊಡಗಿನವರು ಹೇಳುವಂತಿಲ್ಲ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ ಅವರು ವಿರಾಜಪೇಟೆಯಲ್ಲಿ ಹುಟ್ಟಿದವರು. 1970ರಲ್ಲಿ ಹಂಗೇರಿಗೆ ನೇಮಕಗೊಂಡು ದೇಶದ ಮೊದಲ ವೃತ್ತಿಪರ ಮಹಿಳಾ ರಾಯಭಾರಿ ಎನಿಸಿದರು. ಮದುವೆಯಾಗಬೇಕಾದರೆ ಮಹಿಳಾ ಅಧಿಕಾರಿಯು ಸರ್ಕಾರದ ಅನುಮತಿ ಪಡೆಯಬೇಕು, ಅಗತ್ಯವೆನಿಸಿದರೆ ರಾಜೀನಾಮೆ ನೀಡಬೇಕು ಎಂಬಂತಹ ಸೇವಾ ನಿಯಮಗಳ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ಪ್ರಕರಣದಲ್ಲಿ ಬರೆದ ತೀರ್ಪನ್ನು ಇಂದಿಗೂ ಕಾನೂನು ತರಗತಿಗಳಲ್ಲಿ ಓದಿಸುತ್ತಾರೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ ಅವರು ಕೊರಿಯಾ ಯುದ್ಧದ ನಂತರ 1953ರಲ್ಲಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಜಟಿಲ ಸಮಸ್ಯೆಯನ್ನು ನಿಭಾಯಿಸಿದರು. ಮುಂದೆ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದು, 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಶಾಂತಿಪಾಲನೆಯ ಬಗ್ಗೆ ಉಪನ್ಯಾಸವೊಂದಿದ್ದರೆ, ಅದನ್ನು ಕೇಳುವ ಮೊದಲು ಮಡಿಕೇರಿಯ ‘ಸನ್ನಿಸೈಡ್’ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತಿಮ್ಮಯ್ಯನವರು ಬೆಳೆದ ಮನೆಯಲ್ಲಿ ನಿಂತು ಬಂದ ಮೇಲೆ ಸೈಪ್ರಸ್ ಎಂಬ ಹೆಸರು ಭೂಪಟದ ಚುಕ್ಕೆಯಾಗಿ ಉಳಿಯುವುದಿಲ್ಲ.

ಪಟ್ಟಿಯನ್ನು ಯಾವಾಗ ನೋಡಬೇಕು

ಪ್ರತಿಯೊಂದು ಶಾಲೆಯ ಜಾಲತಾಣದಲ್ಲಿಯೂ ಮುಂಬರುವ ಕಾರ್ಯಕ್ರಮಗಳ ಪಟ್ಟಿ ಪ್ರತ್ಯೇಕವಾಗಿ ಇರುತ್ತದೆ. ಅಲ್ಲಿ ಮಿಂಚಂಚೆ ವಿಳಾಸ ಕೊಟ್ಟರೆ ವಾರಕ್ಕೊಮ್ಮೆ ಪಟ್ಟಿಯೇ ಮನೆಗೆ ಬರುತ್ತದೆ. ಹತ್ತು ಶಾಲೆಗಳಿಗೆ ಹೆಸರು ಕೊಟ್ಟು ಯಾವುದನ್ನೂ ತೆರೆದು ನೋಡದೆ ಇರುವುದಕ್ಕಿಂತ ಎರಡು ಅಥವಾ ಮೂರು ಶಾಲೆಗಳನ್ನು ಆರಿಸಿಕೊಂಡು, ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಹತ್ತು ನಿಮಿಷ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳುವುದು ಮೇಲು.

ಅಮೆರಿಕದ ಶಾಲೆಗಳ ವರ್ಷ ನಮ್ಮ ಕೈಲ್‌ಪೊಳ್ದ್ ಹೊತ್ತಿಗೆ ಶುರುವಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸುಲಭ. ನಾಟಿ ಮುಗಿದು ನಮ್ಮವರು ಆಯುಧಪೂಜೆ ಮಾಡುವ ಸೆಪ್ಟೆಂಬರ್‌ನ ಮೊದಲ ದಿನಗಳಲ್ಲಿ ಅಲ್ಲಿ ತರಗತಿಗಳು ಆರಂಭವಾಗಿರುತ್ತವೆ, ಮತ್ತು ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಬರುವ ಪುತ್ತರಿ ಹಬ್ಬದ ಹೊತ್ತಿನವರೆಗೂ ಕಾರ್ಯಕ್ರಮಗಳ ಸುಗ್ಗಿ ಇರುತ್ತದೆ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ವಿಶ್ವಸಂಸ್ಥೆಯ ಮಹಾಸಭೆಗಾಗಿ ರಾಷ್ಟ್ರನಾಯಕರು ನ್ಯೂಯಾರ್ಕ್‌ಗೆ ಬರುವುದರಿಂದ ಅಲ್ಲಿನ ಶಾಲೆಗಳಲ್ಲಿ ಅಧ್ಯಕ್ಷರು, ಪ್ರಧಾನಿಗಳು ಮಾತನಾಡುತ್ತಾರೆ. ಅಕ್ಟೋಬರ್‌ನಲ್ಲಿ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ವಾರ್ಷಿಕ ಸಭೆ, ಏಪ್ರಿಲ್‌ನಲ್ಲಿ ಅವುಗಳದೇ ವಸಂತಕಾಲದ ಸಭೆ ಸಾಮಾನ್ಯವಾಗಿ ವಾಷಿಂಗ್ಟನ್ನಿನಲ್ಲಿ ನಡೆಯುವುದರಿಂದ ಆ ಎರಡು ವಾರಗಳಲ್ಲಿ ಆ ನಗರದ ಶಾಲೆಗಳಲ್ಲಿ ಹಣಕಾಸು ಸಚಿವರ ಉಪನ್ಯಾಸಗಳು ಒಂದರ ಹಿಂದೆ ಒಂದು ಇರುತ್ತವೆ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಮತ್ತು ಜೂನ್‌ನಿಂದ ಆಗಸ್ಟ್‌ವರೆಗೆ ಪಟ್ಟಿ ಬಹುತೇಕ ಖಾಲಿ. ನಮ್ಮ ಮಳೆಗಾಲದ ಅತಿ ಕಷ್ಟದ ತಿಂಗಳುಗಳು ಅವರ ರಜೆಯ ತಿಂಗಳುಗಳಾಗಿರುವುದು ನಮಗೆ ಅನುಕೂಲವೇ ಆಗಿದೆ.

ಪ್ರಕಟಣೆಯನ್ನು ಓದುವುದು

ಪ್ರಕಟಣೆಯ ಶೀರ್ಷಿಕೆಗಿಂತ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲು ಓದಿ. ಕಾರ್ಯಕ್ರಮ ಯಾರಿಗೆ ಮುಕ್ತ ಎಂಬುದು ಅಲ್ಲಿರುತ್ತದೆ. ಸಾರ್ವಜನಿಕರಿಗೆ ಮುಕ್ತ, ಆ ವಿಶ್ವವಿದ್ಯಾಲಯದ ಗುರುತಿನ ಚೀಟಿ ಇದ್ದವರಿಗೆ ಮಾತ್ರ, ಆಹ್ವಾನಿತರಿಗೆ ಮಾತ್ರ ಎಂದು ಮೂರು ಬಗೆಗಳಿರುತ್ತವೆ. ಕೆಲವು ಕಾರ್ಯಕ್ರಮಗಳಲ್ಲಿ ಸಭಾಂಗಣಕ್ಕೆ ವಿದ್ಯಾರ್ಥಿಗಳಿಗಷ್ಟೇ ಪ್ರವೇಶವಿದ್ದು, ಆನ್‌ಲೈನ್ ಪ್ರಸಾರ ಎಲ್ಲರಿಗೂ ಇರುತ್ತದೆ. ‘ಹೈಬ್ರಿಡ್’ ಎಂದು ಬರೆದಿದ್ದರೆ ಸಭಾಂಗಣವೂ ಇದೆ, ಆನ್‌ಲೈನ್ ಪ್ರಸಾರವೂ ಇದೆ ಎಂದರ್ಥ. ಬರೀ ಸಭಾಂಗಣದ ವಿಳಾಸವಿದ್ದು ಲಿಂಕ್‌ನ ಪ್ರಸ್ತಾಪವೇ ಇಲ್ಲದಿದ್ದರೆ ಸಂಘಟಕರಿಗೆ ಎರಡು ಸಾಲಿನ ಮೇಲ್ ಬರೆದು, ಧ್ವನಿಮುದ್ರಣ ಮುಂದೆ ಸಿಗುವುದೇ ಎಂದು ಕೇಳಿ. ಅಂತಹ ಮೇಲ್‌ಗೆ ಹೆಚ್ಚಿನವರು ಸೌಜನ್ಯದಿಂದ ಉತ್ತರಿಸುತ್ತಾರೆ.

ಕಾರ್ಯಕ್ರಮಗಳಲ್ಲಿಯೂ ಜಾತಿಗಳಿವೆ. ಒಬ್ಬರೇ ಮಾತನಾಡುವ ಉಪನ್ಯಾಸ, ಮೂರು ನಾಲ್ಕು ಮಂದಿಯ ಚರ್ಚಾಗೋಷ್ಠಿ, ನಿರೂಪಕರು ಪ್ರಶ್ನೆ ಕೇಳುತ್ತಾ ಹೋಗುವ ಸಂವಾದ, ಹೊಸ ಪುಸ್ತಕದ ಬಗ್ಗೆ ಲೇಖಕರ ಮಾತು, ಮಧ್ಯಾಹ್ನದ ಊಟದ ಹೊತ್ತಿನ ಸಣ್ಣ ವಿಚಾರಗೋಷ್ಠಿ. ಹೊಸಬರಿಗೆ ನಾನು ಪುಸ್ತಕದ ಮಾತನ್ನೇ ಮೊದಲು ಸೂಚಿಸುತ್ತೇನೆ. ಲೇಖಕರು ಐದಾರು ವರ್ಷ ಒಂದೇ ವಿಷಯದ ಮೇಲೆ ಕೆಲಸ ಮಾಡಿರುತ್ತಾರೆ, ಪ್ರಸ್ತಾವನೆಯಿಂದ ಕೊನೆಯವರೆಗೆ ಒಂದು ಎಳೆ ಇರುತ್ತದೆ, ಹಿಂದಿನ ಓದು ಇಲ್ಲದವರಿಗೂ ಕೈಗೆ ಸಿಗುತ್ತದೆ. ಐದು ಜನರ ಚರ್ಚಾಗೋಷ್ಠಿಯಲ್ಲಿ ತಲಾ ಏಳು ನಿಮಿಷ ಸಿಕ್ಕು ಎಲ್ಲರೂ ಮೇಲಿಂದ ಮೇಲೆ ಮುಟ್ಟಿ ಹೋಗುವುದೇ ಹೆಚ್ಚು. ದೊಡ್ಡ ಹೆಸರಿನ ಮಂತ್ರಿಯ ಭಾಷಣಕ್ಕಿಂತ ಹೆಸರು ಕೇಳಿರದ ಸಂಶೋಧಕರೊಬ್ಬರ ಊಟದ ಹೊತ್ತಿನ ಮಾತು ಹೆಚ್ಚು ಕಲಿಸಿದ ಅನುಭವ ನನಗೆ ಅನೇಕ ಸಲ ಆಗಿದೆ. ಇದೇ ಪಟ್ಟಿಯಲ್ಲಿ ಪ್ರವೇಶಾತಿಯ ಮಾಹಿತಿ ಸಭೆಗಳೂ ಸೇರಿಕೊಂಡಿರುತ್ತವೆ. ಅಲ್ಲಿ ಓದಲು ಬಯಸುವವರಿಗೆ ಅವು ಉಪಯುಕ್ತ, ಆದರೆ ಅವು ಉಪನ್ಯಾಸಗಳಲ್ಲ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆ. 3/11 ಎಂದರೆ ಅವರಿಗೆ ಮಾರ್ಚ್ 11, ನಮಗೂ ಯುರೋಪಿನವರಿಗೂ ನವೆಂಬರ್ 3. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದಿರುವ ಜಾಗವನ್ನು ಹುಡುಕಿ ಖಚಿತಪಡಿಸಿಕೊಳ್ಳಿ.

ಗಡಿಯಾರದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಭಾರತದ ಗಡಿಯಾರ ವರ್ಷಪೂರ್ತಿ ಒಂದೇ. ಅಮೆರಿಕ ಮತ್ತು ಯುರೋಪಿನಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆದ್ದರಿಂದ ವಾಷಿಂಗ್ಟನ್, ನ್ಯೂಯಾರ್ಕ್, ಬಾಸ್ಟನ್ ನಗರಗಳಿಗಿಂತ ನಾವು ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದೆ ಇರುತ್ತೇವೆ. ಜಿನೀವಾಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ. ಲಂಡನ್ನಿಗಿಂತ ಐದೂವರೆ, ನಾಲ್ಕೂವರೆ. ಸಿಂಗಪುರ ಮಾತ್ರ ವರ್ಷಪೂರ್ತಿ ನಮಗಿಂತ ಎರಡೂವರೆ ಗಂಟೆ ಮುಂದಿರುತ್ತದೆ.

ವಾಷಿಂಗ್ಟನ್ನಿನ ಸಮಯವನ್ನು ಬಾಯಿಲೆಕ್ಕದಲ್ಲಿ ತಿಳಿಯಲು ಒಂದು ಉಪಾಯವಿದೆ. ಅವರ ಬೆಳಿಗ್ಗೆಯನ್ನು ನಮ್ಮ ರಾತ್ರಿ ಎಂದು ತಿರುಗಿಸಿಕೊಂಡು, ಚಳಿಗಾಲದಲ್ಲಿ ಒಂದೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಕಳೆಯಬೇಕು. ಅಲ್ಲಿ ಬೆಳಿಗ್ಗೆ 9 ಗಂಟೆಯಾದರೆ ಇಲ್ಲಿ ರಾತ್ರಿ 9 ಎಂದಿಟ್ಟುಕೊಂಡು ಕಳೆಯಿರಿ: ಚಳಿಗಾಲದಲ್ಲಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಅಲ್ಲಿಯ ಮಧ್ಯಾಹ್ನ ಹನ್ನೆರಡೂವರೆಯ ಕಾರ್ಯಕ್ರಮ ಇಲ್ಲಿ ಚಳಿಗಾಲದಲ್ಲಿ ರಾತ್ರಿ 11ಕ್ಕೆ, ಬೇಸಿಗೆಯಲ್ಲಿ ರಾತ್ರಿ 10ಕ್ಕೆ ಬರುತ್ತದೆ. ಸಂಜೆ ಐದೂವರೆಯ ಕಾರ್ಯಕ್ರಮವಾದರೆ ನಮಗೆ ಮಾರನೆಯ ದಿನದ ಬೆಳಗಿನ ಜಾವ ಮೂರು ಅಥವಾ ನಾಲ್ಕು ಗಂಟೆ; ದಿನಾಂಕವೂ ಬದಲಾಗುತ್ತದೆ. ಮಂಗಳವಾರದ ಕಾರ್ಯಕ್ರಮಕ್ಕೆ ಬುಧವಾರ ಏಳಬೇಕಾಗುತ್ತದೆ.

ಇದಕ್ಕಿಂತ ಕಷ್ಟದ್ದು ಗಡಿಯಾರ ಬದಲಾಗುವ ವಾರಗಳು. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತದೆ. ಯುರೋಪಿನಲ್ಲಿ ಅದು ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಒಂದು ಖಂಡದ ಲೆಕ್ಕ ಬದಲಾಗಿ ಇನ್ನೊಂದರದ್ದು ಹಾಗೆಯೇ ಉಳಿದಿರುತ್ತದೆ. ನಾನು ಒಮ್ಮೆ ಮಾರ್ಚ್ ತಿಂಗಳ ಮಧ್ಯದಲ್ಲಿ, ಹಿಂದೂ ಮಹಾಸಾಗರದ ಬಂದರುಗಳ ಬಗ್ಗೆ ಅಮೆರಿಕದ ಶಾಲೆಯೊಂದರಲ್ಲಿದ್ದ ಉಪನ್ಯಾಸಕ್ಕಾಗಿ ಹದಿನೈದು ದಿನ ಮುಂಚೆ ಹೆಸರು ಕೊಟ್ಟಿದ್ದೆ. ತೋಟದಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಿದ್ದ ರಾತ್ರಿ ಅದು. ಪಂಪಿನ ಸದ್ದು ಕೇಳಿಸದಿರಲೆಂದು ಕಿಟಕಿ ಮುಚ್ಚಿ, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಐದು ನಿಮಿಷ ಮುಂಚೆಯೇ ಇರಲಿ ಎಂದು 10 ಗಂಟೆ 55 ನಿಮಿಷಕ್ಕೆ ಲಿಂಕ್ ಒತ್ತಿದೆ. ಪರದೆಯ ಮೇಲೆ ಕಂಡದ್ದು ನಿರೂಪಕರು ವಂದನೆ ಹೇಳಿ ಕೈಮುಗಿಯುತ್ತಿದ್ದ ದೃಶ್ಯ. ಅದರ ಹಿಂದಿನ ಭಾನುವಾರ ಅಲ್ಲಿನ ಗಡಿಯಾರ ಮುಂದೆ ಹೋಗಿತ್ತು, ನಾನು ಚಳಿಗಾಲದ ಲೆಕ್ಕದಲ್ಲಿಯೇ ಇದ್ದೆ. ಆ ಉಪನ್ಯಾಸವನ್ನು ಧ್ವನಿಮುದ್ರಿಸಿರಲಿಲ್ಲ. ಅಂದಿನಿಂದ ನಾನು ನೋಂದಣಿಯ ಮೇಲ್‌ನಲ್ಲಿರುವ ‘ಕ್ಯಾಲೆಂಡರಿಗೆ ಸೇರಿಸಿ’ ಎಂಬ ಗುಂಡಿಯನ್ನು ಒತ್ತದೆ ಬಿಡುವುದಿಲ್ಲ. ಫೋನಿನ ಕ್ಯಾಲೆಂಡರ್ ನಮ್ಮ ಸಮಯಕ್ಕೆ ತಾನೇ ಪರಿವರ್ತಿಸಿಕೊಳ್ಳುತ್ತದೆ. ಬಾಯಿಲೆಕ್ಕ ಅದನ್ನು ತಾಳೆ ನೋಡುವುದಕ್ಕಷ್ಟೇ.

ಕೊಡಗಿನಿಂದ ಕೇಳುವವರಿಗೆ ಜಿನೀವಾದ ಕಾರ್ಯಕ್ರಮಗಳು ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯ ಮಧ್ಯಾಹ್ನ ಹನ್ನೆರಡೂವರೆ ನಮ್ಮ ಸಂಜೆ ನಾಲ್ಕು ಅಥವಾ ಐದು ಗಂಟೆ, ಅಲ್ಲಿಯ ಸಂಜೆ ಆರೂವರೆ ನಮ್ಮ ರಾತ್ರಿ ಹತ್ತು ಅಥವಾ ಹನ್ನೊಂದು. ಜಾನ್ಸ್ ಹಾಪ್ಕಿನ್ಸ್ ಶಾಲೆಗೆ ಇಟಲಿಯ ಬೊಲೊನ್ಯಾದಲ್ಲಿ 1955ರಿಂದಲೂ ಒಂದು ಕೇಂದ್ರವಿದ್ದು, ಅಲ್ಲಿಯ ಸಮಯವೂ ಜಿನೀವಾದ್ದೇ. ಬೆಳಗಿನ ಜಾವ ಮೂರು ಗಂಟೆಗೆ ಏಳುವ ಉತ್ಸಾಹ ಮೊದಲ ತಿಂಗಳು ಇರುತ್ತದೆ, ಎರಡನೆಯ ತಿಂಗಳು ಉಳಿಯುವುದಿಲ್ಲ.

ನೋಂದಣಿ

ಹೆಸರು, ಮಿಂಚಂಚೆ, ಸಂಸ್ಥೆ ಎಂಬ ಮೂರು ಖಾನೆಗಳು ಸಾಮಾನ್ಯವಾಗಿ ಇರುತ್ತವೆ. ‘ಸಂಸ್ಥೆ’ ಎಂಬಲ್ಲಿ ನಿಮ್ಮ ಕಾಲೇಜಿನ ಹೆಸರನ್ನೇ ಸಂಕೋಚವಿಲ್ಲದೆ ಬರೆಯಿರಿ. ಕಾಫಿ ಬೆಳೆಗಾರರಾಗಿದ್ದರೆ ‘ಕಾಫಿ ಬೆಳೆಗಾರ, ಕೊಡಗು’ ಎಂದು ಬರೆಯಿರಿ. ವಿದ್ವಾಂಸರೇ ತುಂಬಿರುವ ಪಟ್ಟಿಯಲ್ಲಿ ಆ ಎರಡು ಪದಗಳು ಸಂಘಟಕರ ಕಣ್ಣಿಗೆ ಬೀಳುತ್ತವೆ, ಮತ್ತು ವ್ಯಾಪಾರದ ಬಗೆಗಿನ ಚರ್ಚೆಯಲ್ಲಿ ನಿಮ್ಮ ಪ್ರಶ್ನೆಗೆ ತೂಕ ಬರುತ್ತದೆ. ಸಾರ್ವಜನಿಕ ಉಪನ್ಯಾಸಗಳು ಬಹುಪಾಲು ಉಚಿತ. ನಡುವೆ ಯಾರಾದರೂ ಪ್ರವೇಶ ಕೊಡಿಸುತ್ತೇನೆಂದು ಹಣ ಕೇಳಿದರೆ ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತುವ ಬದಲು ಶಾಲೆಯ ಜಾಲತಾಣಕ್ಕೆ ನೀವೇ ಹೋಗಿ. ಅಮೆರಿಕದ ವಿಶ್ವವಿದ್ಯಾಲಯಗಳ ವಿಳಾಸ ಸಾಮಾನ್ಯವಾಗಿ ‘ಡಾಟ್ ಇಡಿಯು’ ಎಂದು ಕೊನೆಗೊಳ್ಳುತ್ತದೆ. ನೋಂದಾಯಿಸಿದ ಮೇಲೆ ಬರುವ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿರಬಹುದು, ಅಲ್ಲಿಯೂ ನೋಡಿ. ಅದರಲ್ಲಿರುವ ಲಿಂಕ್ ಹಲವು ಬಾರಿ ನಿಮ್ಮೊಬ್ಬರ ಹೆಸರಿಗೇ ಕೊಟ್ಟಿರುವುದಾದ್ದರಿಂದ ಅದನ್ನು ಇತರರಿಗೆ ಕಳುಹಿಸಬಾರದು.

ಪ್ರಶ್ನೆಯ ಸಿದ್ಧತೆ

ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕಾರ್ಯಕ್ರಮಕ್ಕೆ ಹೋಗುವ ಮೊದಲು ನಿಮ್ಮ ನೆಲದಿಂದ ಹುಟ್ಟಿದ ಒಂದು ಪ್ರಶ್ನೆ ನಿಮ್ಮ ಕೈಯಲ್ಲಿರಬೇಕು. ಪ್ರಶ್ನೆಯಿಟ್ಟುಕೊಂಡು ಕೇಳುವವನಿಗೆ ಉಪನ್ಯಾಸದ ಪ್ರತಿಯೊಂದು ಮಾತೂ ಆ ಪ್ರಶ್ನೆಗೆ ಹತ್ತಿರವೋ ದೂರವೋ ಎಂದು ತಿಳಿಯುತ್ತಾ ಹೋಗುತ್ತದೆ. ಪ್ರಶ್ನೆಯನ್ನು ಕೇಳುವ ಅವಕಾಶ ಸಿಗದಿದ್ದರೂ ಆ ಲಾಭ ತಪ್ಪುವುದಿಲ್ಲ.

ಕಾಫಿಯನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ರೋಬಸ್ಟಾ ಚೆರಿಯ ಬೆಲೆಯನ್ನು 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾತನಾಡುತ್ತೇವೆ. ಆದರೆ ರೋಬಸ್ಟಾದ ದರ ನಿಗದಿಯಾಗುವುದು ಲಂಡನ್ ಮಾರುಕಟ್ಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಎಂದು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಅಡಿ ರಫ್ತಿಗೆ ಕೋಟಾ ಇತ್ತು, 1989ರ ಜುಲೈನಲ್ಲಿ ಆ ವ್ಯವಸ್ಥೆ ಮುರಿದುಬಿದ್ದು ಜಗತ್ತಿನಾದ್ಯಂತ ಬೆಲೆ ಕುಸಿಯಿತು. ನಮ್ಮಲ್ಲಿ ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಪದ್ಧತಿ ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಕೊನೆಗೊಂಡದ್ದನ್ನು ಹಿರಿಯ ಬೆಳೆಗಾರರು ಇಂದಿಗೂ ನೆನೆಯುತ್ತಾರೆ. ಈಗ ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮವಿದೆ. ಅದರ ಜಾರಿ ಮುಂದೂಡುತ್ತಾ ಬಂದಿದ್ದರೂ ಅದರ ತಿರುಳು ಸ್ಪಷ್ಟ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು, ಜಾಗ 4 ಹೆಕ್ಟೇರಿಗಿಂತ ಹೆಚ್ಚಿದ್ದರೆ ಅದರ ಗಡಿಯನ್ನೇ ಗುರುತಿಸಿ ಕೊಡಬೇಕು.

ಇನ್ನು ಈ ವಿಷಯದ ಮೇಲೆ ಜಿನೀವಾದಲ್ಲಿ ಚರ್ಚೆಯಿದೆ ಎಂದಿಟ್ಟುಕೊಳ್ಳಿ. ‘ಈ ನಿಯಮದಿಂದ ಅಭಿವೃದ್ಧಿಶೀಲ ರಾಷ್ಟ್ರಗಳ ಮೇಲೆ ಏನು ಪರಿಣಾಮ?’ ಎಂಬುದು ಕೆಟ್ಟ ಪ್ರಶ್ನೆ. ಉತ್ತರವನ್ನು ಎಲ್ಲಿಂದ ಬೇಕಾದರೂ ಶುರುಮಾಡಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೀಗೆ ಕೇಳಿ ನೋಡಿ: ‘ನಾನು ದಕ್ಷಿಣ ಭಾರತದ ಕೊಡಗಿನವನು. ನಮ್ಮಲ್ಲಿ ಕಾಫಿ ಬೆಳೆಯುವುದು ಕಾಡುಮರಗಳ ನೆರಳಿನಲ್ಲಿ, ಉಪಗ್ರಹದ ಚಿತ್ರದಲ್ಲಿ ತೋಟವೂ ಕಾಡಿನಂತೆಯೇ ಕಾಣುತ್ತದೆ. ಮರದ ನೆರಳನ್ನು ಸರಿಪಡಿಸಲು ಕೊಂಬೆ ಕಡಿದದ್ದನ್ನು ಅರಣ್ಯನಾಶವೆಂದು ತಪ್ಪಾಗಿ ಗುರುತಿಸಿದರೆ, ಅದನ್ನು ಅಲ್ಲಗಳೆಯುವ ಖರ್ಚು ಬೆಳೆಗಾರನದೋ, ಆಮದುದಾರನದೋ?’ ಇದರಲ್ಲಿ ಕೇಳುವವರು ಯಾರೆಂದು ಒಂದು ವಾಕ್ಯವಿದೆ, ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ, ಖಚಿತ ಉತ್ತರ ಬೇಡುವ ಒಂದೇ ಪ್ರಶ್ನೆಯಿದೆ. ಗಟ್ಟಿಯಾಗಿ ಓದಿದರೆ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಇಂಗ್ಲಿಷಿಗೆ ಹಾಕುವಾಗ ವ್ಯಾಕರಣದ ಬಗ್ಗೆ ಹೆದರುವ ಅಗತ್ಯವಿಲ್ಲ. ಆ ಸಭೆಗಳಲ್ಲಿ ಅರ್ಧದಷ್ಟು ಜನರಿಗೆ ಇಂಗ್ಲಿಷ್ ಎರಡನೆಯ ಅಥವಾ ಮೂರನೆಯ ಭಾಷೆ. ನನ್ನ ವಿದ್ಯಾರ್ಥಿಗಳು ಮೊದಲು ಕನ್ನಡದಲ್ಲಿ ಬರೆದು, ಅದು ಕನ್ನಡದಲ್ಲಿ ನೆಟ್ಟಗಿದೆಯೇ ಎಂದು ನೋಡಿಕೊಂಡು, ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತರುತ್ತಾರೆ.

ಸಿದ್ಧತೆಯ ಉಳಿದ ಭಾಗ ಚಿಕ್ಕದು. ಭಾಷಣಕಾರರು ಬರೆದ ಒಂದು ಲೇಖನ ಓದಿ, ವಿಷಯಕ್ಕೆ ಸಂಬಂಧಿಸಿದ ಭೂಪಟವನ್ನು ಒಮ್ಮೆ ನೋಡಿ, ಮತ್ತೆ ಮತ್ತೆ ಬರುವ ಸಂಕ್ಷಿಪ್ತ ಹೆಸರುಗಳ ಪೂರ್ಣರೂಪವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಿ.

ಆ ಹೊತ್ತಿನಲ್ಲಿ

ಝೂಮ್‌ನಲ್ಲಿ ನಡೆಯುವ ಸಾರ್ವಜನಿಕ ಕಾರ್ಯಕ್ರಮಗಳು ಹೆಚ್ಚಾಗಿ ವೆಬಿನಾರ್ ಮಾದರಿಯವು. ಅಲ್ಲಿ ನಿಮ್ಮ ಮುಖವೂ ಕಾಣುವುದಿಲ್ಲ, ಧ್ವನಿಯೂ ಕೇಳುವುದಿಲ್ಲ. ಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೂ ಚಿಂತೆಯಿಲ್ಲ. ಪ್ರಶ್ನೆಯನ್ನು ಚಾಟ್‌ನಲ್ಲಿ ಹಾಕದೆ ಪ್ರಶ್ನೋತ್ತರದ ಪೆಟ್ಟಿಗೆಯಲ್ಲಿಯೇ ಬರೆಯಿರಿ, ನಿರೂಪಕರು ಆರಿಸುವುದು ಅಲ್ಲಿಂದ. ಕೊನೆಯ ಐದು ನಿಮಿಷದವರೆಗೆ ಕಾಯದೆ ಉಪನ್ಯಾಸದ ಅರ್ಧದಲ್ಲಿಯೇ ಹಾಕಿಬಿಟ್ಟರೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ಉಚ್ಚಾರಣೆ ಅರ್ಥವಾಗದಿದ್ದರೆ ಇಂಗ್ಲಿಷ್ ಅಡಿಬರಹವನ್ನು ಚಾಲೂ ಮಾಡಿಕೊಳ್ಳಿ. ಕಿವಿಗೆ ತಪ್ಪಿದ್ದನ್ನು ಕಣ್ಣು ಹಿಡಿಯುತ್ತದೆ.

ನಮ್ಮ ಭಾಗದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ಇಂಟರ್‌ನೆಟ್ ರೌಟರ್‌ಗೆ ಸಣ್ಣದೊಂದು ಬ್ಯಾಟರಿ ಬ್ಯಾಕಪ್ ಇಟ್ಟುಕೊಂಡರೆ ಕರೆಂಟ್ ಹೋದರೂ ಒಂದೆರಡು ಗಂಟೆ ಸಂಪರ್ಕ ಉಳಿಯುತ್ತದೆ. ಸಿಗ್ನಲ್ ದುರ್ಬಲವಾದಾಗ ಯೂಟ್ಯೂಬ್ ಪ್ರಸಾರದ ಗುಣಮಟ್ಟವನ್ನು 144ಕ್ಕೆ ಇಳಿಸಿ. ಮುಖ ಮಸುಕಾದರೂ ಮಾತು ಉಳಿಯುತ್ತದೆ, ನಮಗೆ ಬೇಕಾದದ್ದು ಮಾತು. ನಡುವೆ ಸಂಪರ್ಕ ಕಡಿದರೆ ಅದೇ ಲಿಂಕ್‌ನಿಂದ ಮತ್ತೆ ಒಳಗೆ ಹೋಗಬಹುದು.

ಟಿಪ್ಪಣಿಯನ್ನು ಕಾಗದದ ಮೇಲೆ ಬರೆಯುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಅವರು ಹೇಳಿದ್ದನ್ನು, ಬಲಕ್ಕೆ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ಅಂಕಿ ಅಂಶ ಹೇಳಿದರೆ ಅದರ ಪಕ್ಕದಲ್ಲಿ ‘ಪರೀಕ್ಷಿಸು’ ಎಂದು ಗುರುತು ಹಾಕುತ್ತೇನೆ. ಎಷ್ಟೇ ದೊಡ್ಡವರ ಬಾಯಿಂದ ಬಂದ ಅಂಕಿಯಾದರೂ ಮೂಲ ವರದಿಯಲ್ಲಿ ನೋಡದೆ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ.

ಕೆಲವು ಸಭೆಗಳ ಆರಂಭದಲ್ಲಿ ‘ಚಾಥಮ್ ಹೌಸ್ ನಿಯಮ ಅನ್ವಯಿಸುತ್ತದೆ’ ಎಂದು ಹೇಳುತ್ತಾರೆ. ಲಂಡನ್ನಿನ ಚಾಥಮ್ ಹೌಸ್ ಎಂಬ ಸಂಸ್ಥೆ 1927ರಲ್ಲಿ ರೂಪಿಸಿದ ನಿಯಮವಿದು. ಅಲ್ಲಿ ಕೇಳಿದ ವಿಚಾರವನ್ನು ನೀವು ಬಳಸಬಹುದು, ಆದರೆ ಅದನ್ನು ಯಾರು ಹೇಳಿದರು, ಅವರು ಯಾವ ಸಂಸ್ಥೆಯವರು, ಸಭೆಯಲ್ಲಿ ಬೇರೆ ಯಾರಿದ್ದರು ಎಂಬುದನ್ನು ಹೊರಗೆ ಹೇಳುವಂತಿಲ್ಲ. ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಅಭ್ಯಾಸವಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯಾವ ನಿಯಮವನ್ನೂ ಹೇಳದೆ ಧ್ವನಿಮುದ್ರಣ ನಡೆಯುತ್ತಿದೆ ಎಂದು ಪ್ರಕಟಿಸಿದ್ದರೆ ಹೆಸರು ಹೇಳಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಸಭಾಂಗಣಕ್ಕೇ ಹೋಗುವವರಿಗೆ

ಮಕ್ಕಳನ್ನು ನೋಡಲು ಅಮೆರಿಕಕ್ಕೋ ಯುರೋಪಿಗೋ ಹೋಗುವ ನಮ್ಮೂರಿನ ಹಿರಿಯರು ಅಲ್ಲಿನ ಉಪನ್ಯಾಸಗಳಿಗೆ ಹೋಗಬೇಕೆಂದು ನನ್ನ ಆಸೆ. ಮುಂಚಿತ ನೋಂದಣಿ, ಫೋಟೊ ಇರುವ ಗುರುತಿನ ದಾಖಲೆ, ಇಪ್ಪತ್ತು ನಿಮಿಷ ಮುಂಚೆ ತಲುಪುವುದು, ಇವಿಷ್ಟು ಸಾಕು. ಉಚಿತ ಕಾರ್ಯಕ್ರಮಗಳಲ್ಲಿ ಹೆಸರು ಕೊಟ್ಟವರೆಲ್ಲ ಬರುವುದಿಲ್ಲವೆಂದು ಆಸನಗಳಿಗಿಂತ ಹೆಚ್ಚು ಜನರನ್ನು ನೋಂದಾಯಿಸಿಕೊಳ್ಳುವ ರೂಢಿಯಿದೆ, ಆದ್ದರಿಂದ ತಡವಾಗಿ ಹೋದರೆ ಬಾಗಿಲಲ್ಲಿಯೇ ನಿಲ್ಲಬೇಕಾಗಬಹುದು. ಹತ್ತಿರದಲ್ಲಿಯೇ ಅನುಭವ ಬೇಕೆನ್ನುವವರಿಗೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ವಿದೇಶಾಂಗ ವಿಷಯಗಳ ಬಗ್ಗೆ ಸಾರ್ವಜನಿಕ ಮಾತುಕತೆಗಳು ನಡೆಯುತ್ತಿರುತ್ತವೆ. ದೆಹಲಿಗೆ ಹೋದವರು ಸಪ್ರೂ ಹೌಸ್‌ನಲ್ಲಿರುವ ಭಾರತೀಯ ವಿಶ್ವ ವ್ಯವಹಾರಗಳ ಮಂಡಳಿಯ ಪಟ್ಟಿ ನೋಡಬಹುದು. ಇವೆರಡೂ ಪದವಿ ನೀಡುವ ಶಾಲೆಗಳಲ್ಲ, ಆದರೆ ಸಭೆಯ ರೀತಿನೀತಿ ಒಂದೇ.

ಗುಂಪಾಗಿ ಕೇಳುವುದು, ಮಾರನೆಯ ದಿನದ ಕೆಲಸ

ಒಬ್ಬರೇ ಕೇಳುವುದಕ್ಕಿಂತ ಐದಾರು ಜನ ಕೂಡಿ ಕೇಳುವುದು ಒಳ್ಳೆಯದು. ನೇರಪ್ರಸಾರಕ್ಕೆ ರಾತ್ರಿ ಹತ್ತು ಗಂಟೆಗೆ ಎಲ್ಲರೂ ಸೇರುವುದು ಕೊಡಗಿನಂತಹ ಜಿಲ್ಲೆಯಲ್ಲಿ ಸಾಧ್ಯವಿಲ್ಲ. ಸೋಮವಾರಪೇಟೆಯ ಕಡೆಯ ಹುಡುಗಿಗೆ ಕೊನೆಯ ಬಸ್ ಸಂಜೆಯೇ ಹೋಗಿರುತ್ತದೆ, ಕಾಡಂಚಿನ ಊರುಗಳಲ್ಲಿ ಕತ್ತಲಾದ ಮೇಲೆ ಆನೆಯ ಭಯವಿದೆ. ಅದಕ್ಕಾಗಿ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ: ಯಾರಾದರೊಬ್ಬರು ಮನೆಯಿಂದಲೇ ನೇರವಾಗಿ ಕೇಳಿ ಎಲ್ಲರ ಪರವಾಗಿ ಪ್ರಶ್ನೆ ಹಾಕುತ್ತಾರೆ, ಶಾಲೆಯವರು ಧ್ವನಿಮುದ್ರಣವನ್ನು ಯೂಟ್ಯೂಬ್‌ಗೆ ಹಾಕಿದ ಮೇಲೆ ಶನಿವಾರ ಮಧ್ಯಾಹ್ನ ತರಗತಿಯ ಪ್ರೊಜೆಕ್ಟರ್‌ನಲ್ಲಿ ಎಲ್ಲರೂ ನೋಡುತ್ತೇವೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಒಬ್ಬರು ಅಲ್ಲಿಯವರೆಗಿನದನ್ನು ಕನ್ನಡದಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ಹೇಳಲು ಹೊರಟಾಗಲೇ ಯಾವುದು ಅರ್ಥವಾಗಿದೆ, ಯಾವುದು ಬರೀ ಕಿವಿಗೆ ಬಿದ್ದಿದೆ ಎಂಬುದು ಬಯಲಾಗುತ್ತದೆ. ‘ಡಿಟೆರೆನ್ಸ್’ ಎಂಬ ಒಂದು ಪದಕ್ಕಾಗಿ ನಾವು ಒಂದು ಶನಿವಾರ ಮುಕ್ಕಾಲು ಗಂಟೆ ವಾದಿಸಿದ್ದೇವೆ. ತಡೆ, ಹೆದರಿಸಿ ತಡೆಯುವುದು, ಪ್ರತಿರೋಧ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿ, ಕೊನೆಗೆ ‘ಅಂಜಿಕೆಯಿಂದ ತಡೆಯುವುದು’ ಎಂಬಲ್ಲಿಗೆ ಬಂದು ನಿಂತೆವು.

ನಿಮ್ಮ ಪ್ರಶ್ನೆಗೆ ಸಮಯ ಸಿಗದೆ ಹೋದರೆ, ಎರಡು ದಿನದೊಳಗೆ ಭಾಷಣಕಾರರಿಗೆ ಮೇಲ್ ಬರೆಯಿರಿ. ಪ್ರಾಧ್ಯಾಪಕರ ಮಿಂಚಂಚೆ ವಿಳಾಸ ಅವರ ಶಾಲೆಯ ಜಾಲತಾಣದಲ್ಲಿಯೇ ಸಾಮಾನ್ಯವಾಗಿ ಇರುತ್ತದೆ. ಮೊದಲ ಸಾಲಿನಲ್ಲಿ ಯಾವ ದಿನದ ಯಾವ ಉಪನ್ಯಾಸವೆಂದು ತಿಳಿಸಿ, ಎರಡನೆಯ ಸಾಲಿನಲ್ಲಿ ಅವರು ಹೇಳಿದ ಯಾವ ಮಾತಿನಿಂದ ನಿಮ್ಮ ಪ್ರಶ್ನೆ ಹುಟ್ಟಿತೆಂದು ಬರೆಯಿರಿ, ಮೂರನೆಯದರಲ್ಲಿ ಪ್ರಶ್ನೆ ಕೇಳಿ, ವಂದನೆ ಹೇಳಿ ಮುಗಿಸಿ. ಬಯೋಡೇಟಾ ಲಗತ್ತಿಸಬೇಡಿ, ಪ್ರವೇಶಾತಿ ಕೊಡಿಸಿ ಎಂದು ಕೇಳಬೇಡಿ. ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ನೆರಳಿನ ಕಾಫಿಯ ಪ್ರಶ್ನೆಯನ್ನೇ ಹೀಗೆ ಬರೆದು ಕಳುಹಿಸಿ, ಜೊತೆಗೆ ತನ್ನ ಮನೆಯ ತೋಟದ ಒಂದು ಫೋಟೊ ಇಟ್ಟಿದ್ದಳು. ಹನ್ನೊಂದು ದಿನಗಳ ನಂತರ ಬಂದ ಉತ್ತರದಲ್ಲಿ ಎರಡು ಲೇಖನಗಳ ಹೆಸರುಗಳಿದ್ದವು, ಮತ್ತು ಫೋಟೊದಲ್ಲಿ ಕಾಫಿ ಗಿಡಗಳ ಮೇಲೆ ಎತ್ತರಕ್ಕೆ ನಿಂತಿರುವ, ಕಾಳುಮೆಣಸಿನ ಬಳ್ಳಿ ಹಬ್ಬಿರುವ ಆ ಮರ ಯಾವುದು ಎಂಬ ಮರುಪ್ರಶ್ನೆಯಿತ್ತು. ಅವಳು ‘ಬಳಂಜಿ’ ಎಂದು ಬರೆದು, ಅದನ್ನು ಏಕೆ ಕಡಿಯದೆ ಉಳಿಸಿಕೊಂಡಿದ್ದಾರೆಂದು ಅಜ್ಜನನ್ನು ಕೇಳಿ ತಿಳಿದು, ಒಂದು ಪುಟದ ಉತ್ತರ ಕಳುಹಿಸಿದಳು.